ಗಂಡಸರ ಹಂಡೆ

ಏಪ್ರಿಲ್ ೧೪, ಮಂಗಳವಾರ

ಶನಿವಾರ ಮಣ್ಣಿಗೆ ಹೋಗಿ ಬಂದ ಆಯಾಸ ಇನ್ನೂ ಇಳಿದಿಲ್ಲ. ಆದರೂ ಬರೆದಿಡಬೇಕು, ಯಾಕೆಂದರೆ ಸಂತೋಷವಾಗಿದೆ. ಜನವರಿಯಲ್ಲಿ ಹೆಂಡತಿ ಮಪಲೇಸಾ ತೀರಿಕೊಂಡ ಮೇಲೆ ಈ ಪದ ಬರೆಯುತ್ತಿರುವುದು ಇದೇ ಮೊದಲು.

ನಮ್ಮ ಸಂಘದಲ್ಲಿ ಯಾರು ಸತ್ತರೂ ಮನೆಗೊಂದು ಕೆಲಸ ಅಂತ ಹಂಚಿಕೆ ಇದೆ. ಒಂದು ಮನೆ ರೊಟ್ಟಿ ಬೇಯಿಸುತ್ತದೆ, ಒಂದು ಮನೆ ಹೋರಿ ಕೊಯ್ಯುತ್ತದೆ, ಇನ್ನೊಂದು ಮನೆ ಚರ್ಚಿನವರಿಗೆ ಒಂದೇ ದಿನದ ಸಿಹಿ ಶುಂಠಿ ನೀರು ಮಾಡುತ್ತದೆ. ಗಂಡಸರ ಹಂಡೆ ನಮ್ಮ ಮನೆಯದು. ಅಂದರೆ ಐದಾರು ದಿನ ಹುದುಗಿ ಕುಳಿತ ಗೆಮೆರೆ. ಮೂರು ಲೋಟ ಒಳಗೆ ಹೋದರೆ ಮೊಣಕಾಲು ಯಜಮಾನನ ಮಾತು ಕೇಳುವುದಿಲ್ಲ, ಅಂಥ ಶುಂಠಿ ಬಿಯರು. ಇಪ್ಪತ್ತೆಂಟು ವರ್ಷ ಮಪಲೇಸಾ ಮಾಡಿದಳು. ಈಗ ನಾನು.

ನಮ್ಮ ಬಸೋತೋ ಜನರಲ್ಲಿ ಸೌಟು ಹಿಡಿದ ಗಂಡಸನ್ನು ಕಂಡು ಊರು ನಗುತ್ತದೆ ಅಂದುಕೊಂಡಿದ್ದೆ. ನಗಲಿಲ್ಲ. ಒಬ್ಬೊಬ್ಬರೇ ಬಂದು ಲೋಟ ತುಂಬಿಸಿಕೊಂಡು, “ಚೆನ್ನಾಗಿದೆ ನ್ತಾತೆ ಸೆಲೆಬಾಲೋ, ಭಾಳ ಚೆನ್ನಾಗಿದೆ” ಅಂದರು. ಹಿರಿಯ ಗಂಡಸಿಗೆ ಕೊಡುವ ‘ನ್ತಾತೆ’ ಮರ್ಯಾದೆಯನ್ನೂ ಬಿಡಲಿಲ್ಲ. ಮಧ್ಯಾಹ್ನದೊಳಗೆ ಹಂಡೆಯ ತಳ ಕಂಡಿತು. ಸಂಘದ ಕಾರ್ಯದರ್ಶಿ ಫೋಫೋಲೋ ನನ್ನ ತೋಳಿನ ಶೋಕದ ಕರಿಬಟ್ಟೆ ಮುಟ್ಟಿ, “ಮನೆಯವರ ಕೈ ನಿಮ್ಗೆ ಬಂದ್ಬಿಟ್ಟಿದೆ” ಅಂದ.

ಒಬ್ಬಳು ಮಾತ್ರ ಕುಡಿಯಲಿಲ್ಲ. ಬೇಲಿಯಾಚೆಯ ಮಖೌತಾ. ಲೋಟವನ್ನು ಮೂಗಿನ ಹತ್ತಿರ ತಂದವಳು ಚೇಳು ಕಂಡವಳ ಹಾಗೆ ಕೆಳಗಿಟ್ಟು, ಹತ್ತು ಜನರೆದುರಿಗೆ ಅಂದಳು: “ನ್ತಾತೆ, ಇದ್ರೊಳಗೆ ಏನೋ ಸತ್ತೋಗಿದೆ.”

“ಸತ್ತಿರೋದು ನನ್ನ ಹೆಂಡ್ತಿ,” ಅಂದೆ.

ಎಲ್ಲರೂ ಅವಳನ್ನು ದುರುಗುಟ್ಟಿಕೊಂಡು ನೋಡಿದರು. ಆಗಲಿ. ಮಪಲೇಸಾ ಇದ್ದಾಗಲೂ ಈ ಹೆಂಗಸಿಗೆ ನಮ್ಮ ಹಂಡೆಯ ಮೇಲೆ ಕಣ್ಣು. ಮೂವತ್ತು ವರ್ಷ ಇಬ್ಬರೂ ಬೇಲಿಯ ಆಚೆ ಈಚೆ ನಿಂತು ಬೈದಾಡಿಕೊಂಡಿದ್ದನ್ನು ಕೇಳಿ ಕೇಳಿ ನನ್ನ ಕಿವಿ ದಪ್ಪವಾಗಿದೆ.

ಮೇ ೩, ಭಾನುವಾರ

ತಿಂಗಳ ಮೊದಲ ಭಾನುವಾರ, ಸಂಘದ ಸಭೆ. ಇದೊಂದಕ್ಕೆ ನಾನು ಇಡೀ ತಿಂಗಳು ಕಾಯುತ್ತೇನೆ ಎಂದು ಯಾರಿಗೂ ಹೇಳಿಲ್ಲ. ಫೋಫೋಲೋ ಕನ್ನಡಕ ಸರಿಮಾಡಿಕೊಂಡು ಹಾಜರಿ ಕೂಗುತ್ತಾನೆ, ಕೆಲಸದ ಜೊತೆಗೆ ಹೆಸರು: “ರೊಟ್ಟಿ, ಮಥಾಬಿ.” “ಇದ್ದೇವೆ.” ಆಮೇಲೆ: “ಗಂಡಸರ ಹಂಡೆ, ಮಪಲೇಸಾ.” ನಾನು ಎದ್ದು ನಿಂತು “ಇದ್ದೇವೆ” ಅನ್ನುತ್ತೇನೆ.

ಅಷ್ಟೇ. ಭೂಮಿಯ ಮೇಲೆ ಆ ಹೆಸರನ್ನು ಗಟ್ಟಿಯಾಗಿ ಕೂಗುವ ಜಾಗ ಈಗ ಅದೊಂದೇ. ಮಗಳು ‘ಅಮ್ಮ’ ಅನ್ನುತ್ತಾಳೆ, ಪಾದ್ರಿ ‘ನಮ್ಮ ಸಹೋದರಿ’ ಅನ್ನುತ್ತಾರೆ. ಆ ಹೆಸರು ಇಟ್ಟವಳು ನನ್ನ ತಾಯಿ, ನಮ್ಮ ಪದ್ಧತಿಯಂತೆ, ಅವಳು ಸೊಸೆಯಾಗಿ ಹೊಸ್ತಿಲು ದಾಟಿದ ದಿನ: ಮಪಲೇಸಾ, ಅಂದರೆ ‘ಪಲೇಸಾಳ ತಾಯಿ’. ಪಲೇಸಾ ಹುಟ್ಟಿದ್ದು ಎರಡು ವರ್ಷ ತಡವಾಗಿ. ಇನ್ನೂ ಹುಟ್ಟದವಳಿಗೆ ಅವಳು ಅಷ್ಟು ದಿನ ತಾಯಿಯಾಗಿದ್ದಳು.

ನಿಯಮ ಗೊತ್ತಿರುವುದೇ. ನನ್ನ ತೋಳಿನ ಕರಿಬಟ್ಟೆ ಇರುವತನಕ ಹೆಸರು ಪಟ್ಟಿಯಲ್ಲಿರುತ್ತದೆ. ಆರು ತಿಂಗಳಾದ ಮೇಲೆ, ಜುಲೈಯಲ್ಲಿ, ಬಟ್ಟೆ ತೆಗೆಯುತ್ತಾರೆ. ಆಮೇಲಿನ ಮೊದಲ ಮಣ್ಣಿಗೆ ನಮ್ಮ ಮನೆ ತನ್ನ ಕೆಲಸ ಸರಿಯಾಗಿ ಮಾಡಿದರೆ ಹೆಸರು ಹಾಗೇ ಉಳಿಯುತ್ತದೆ. ಕೆಟ್ಟರೆ ಗೀಟು ಎಳೆದು ಬೇರೆ ಮನೆಗೆ ಕೊಡುತ್ತಾರೆ. ನನಗೇನು ಭಯ? ಊರೇ ಹೊಗಳುತ್ತಿದೆ.

ಮೇ ೧೬, ಶನಿವಾರ

ಇವತ್ತು ಇನ್ನೊಂದು ಮಣ್ಣು, ಇನ್ನೊಂದು ಹಂಡೆ. ಮತ್ತೆ ಹೊಗಳಿಕೆ. ಮನೆಗೆ ಹೊರಟಿದ್ದೆ, ಮಖೌತಾ ಕಂಬಳಿಯ ತುದಿ ಹಿಡಿದು ನಿಲ್ಲಿಸಿದಳು. “ಸಭಾಂಗಣದ ಹಿಂದಕ್ಕೆ ಬನ್ನಿ. ಒಂದು ನಿಮಿಷ.”

“ಯಾಕೆ?”

“ಬನ್ನಿ ಅಂದೆ. ನಿಮ್ಮನ್ನೇನು ಎತ್ತಾಕ್ಕೊಂಡು ಹೋಗಲ್ಲ. ಅರವತ್ತೆಂಟು ವರ್ಷದ ಮುದಿ ಟಗರು ನನಗ್ಯಾಕೆ?”

ಹಿಂದೆ ಗೋಡೆಯುದ್ದಕ್ಕೂ ನೆಲ ಒದ್ದೆ. ಒಣಹುಲ್ಲಿನ ಮೇಲೆ ಬಿಳಿ ನೊರೆ. ಅಲ್ಲಲ್ಲಿ ನನ್ನ ಒಣದ್ರಾಕ್ಷಿಗಳು ಉಬ್ಬಿ ಬಿದ್ದಿದ್ದವು. ನಲವತ್ತು ಲೋಟವಾದರೂ ಇರಬೇಕು.

“ಕರಿಬಟ್ಟೆ ಹಾಕ್ಕೊಂಡವರ ಕೈ ಅಡುಗೇನ ಯಾರಾದ್ರೂ ಹಳೀತಾರಾ ನ್ತಾತೆ? ಎದುರಿಗೆ ಚೆನ್ನಾಗಿದೆ ಅಂತಾರೆ, ಹಿಂದಕ್ಕೆ ಬಂದು ಚೆಲ್ತಾರೆ. ನಿಮ್ಮಮ್ಮನೂ ಹಂಗೇ ಹೇಳ್ಕೊಟ್ಟಿರ್ತಾರೆ. ನನ್ನಮ್ಮ ಮಾತ್ರ ನನ್ಗೆ ಮರ್ಯಾದೆ ಹೇಳ್ಕೊಡೋಕ್ಕಿಂತ ಮುಂಚೆ ಹೋಗ್ಬಿಟ್ಲು.”

ಹೌದು. ನಾನೂ ಹಾಗೆ ಎಷ್ಟೋ ಸಲ ಚೆಲ್ಲಿದ್ದೇನೆ. ಎಷ್ಟೋ ಮನೆಗಳ ಹಿಂದೆ.

ಮೇ ೧೭, ಭಾನುವಾರ

ಚರ್ಚಿಗೆ ಹೋಗಲಿಲ್ಲ. ಬರೆಯುವುದಕ್ಕೂ ಏನಿಲ್ಲ.

ಮೇ ೨೧, ಗುರುವಾರ

ಬೆಳಿಗ್ಗೆ ಮಖೌತಾ ಬಂದಳು, ತಟ್ಟೆಯಲ್ಲಿ ಮೂರು ಲೋಟ, ಮೇಲೆ ತೆಳು ಬಟ್ಟೆ. ಕುಡಿಯಬೇಡಿ, ಮೂಸಿ ಹೇಳಿ ಅಂದಳು. ಮೂಸಿದೆ.

“ನೀರು,” ಅಂದೆ. “ಇದೂ ನೀರು. ಇದೂ.”

ಅವಳು ಬಟ್ಟೆ ಸರಿಸಿದಳು. “ಕೊನೇದು ನೀರು. ಎರಡನೇದು ಜಜ್ಜಿದ ಈರುಳ್ಳಿ. ಮೊದಲ್ನೇದು ಸೀಮೆಎಣ್ಣೆ ನ್ತಾತೆ. ಕುಡಿದಿದ್ರೆ ಶನಿವಾರ ನಿಮ್ಮದೇ ಮಣ್ಣು. ಗಂಡಸರ ಹಂಡೆ ಮಾಡೋರೂ ಇರ್ತಿರಲಿಲ್ಲ.”

ಕಳೆದ ಆಗಸ್ಟಿನಲ್ಲಿ ಒಂಬತ್ತು ದಿನ ಜ್ವರ ಬಂದಿತ್ತು. ಆಮೇಲೆ ಊಟವೆಂದರೆ ಉಪ್ಪು, ಹುಳಿ, ಸಿಹಿ, ಖಾರ ಅಷ್ಟೇ. ಅದೇ ವಾರ ಮಪಲೇಸಾಳ ಎದೆಯ ಗಡ್ಡೆ ಏನೆಂದು ವೈದ್ಯರು ಹೇಳಿದ್ದರು. ದುಃಖಕ್ಕೆ ರುಚಿ ಸತ್ತಿದೆ ಅಂದುಕೊಂಡೆ. ಮೂಗು ಹೋಗಿದೆ ಅಂತ ಯಾರಿಗೆ ಹೊಳೆಯುತ್ತದೆ? ಕಣ್ಣು ಹೋದರೆ ಕತ್ತಲೆ ಕಾಣುತ್ತದೆ, ಮೂಗು ಹೋದರೆ ಕಾಣುವುದಾದರೂ ಏನು!

ಆಗ ಇನ್ನೊಂದು ಹೊಳೆಯಿತು. ಕೊನೆಯ ಎರಡು ತಿಂಗಳು ಹುಣ್ಣು ಒಡೆದಿತ್ತು. ಬಂದವರು ಬಾಗಿಲಲ್ಲೇ ನಿಂತು ಪ್ರಾರ್ಥನೆ ಮಾಡಿ ಹೋಗುತ್ತಿದ್ದರು. ನಾನೊಬ್ಬನೇ ಮಂಚದ ಪಕ್ಕ ಕೂತಿರುತ್ತಿದ್ದೆ, ಅಲ್ಲೇ ಉಣ್ಣುತ್ತಿದ್ದೆ. ಊರು ಹೊಗಳಿತು. ಪಾದ್ರಿ ಚರ್ಚಿನಲ್ಲೇ ಹೇಳಿದರು, ಪ್ರೀತಿ ಅಂದರೆ ಸೆಲೆಬಾಲೋನನ್ನು ನೋಡಿ ಅಂತ. ನಾನು ತಲೆ ತಗ್ಗಿಸಿ ಒಪ್ಪಿಕೊಂಡಿದ್ದೆ.

“ಹಾಗಾದ್ರೆ ಅದೂ ನನ್ನದಲ್ಲ,” ಅಂದೆ ಮಖೌತಾಗೆ. “ಆ ಹೊಗಳಿಕೆ. ನನಗೆ ವಾಸನೇನೇ ಬರ್ತಿರಲಿಲ್ಲ.”

“ಗೊತ್ತು. ಅವಳೇ ಹೇಳಿದ್ದು.”

“ಯಾರು?”

“ಮತ್ಯಾರು, ನಿಮ್ಮ ಹೆಂಡ್ತಿ. ಮಂಗಳವಾರ ಮಂಗಳವಾರ ನೀವು ಮಾತ್ರೆ ತರೋಕೆ ಬಸ್ಸು ಹತ್ತಿದ ಮೇಲೆ ನಾನು ಬಂದು ಹುಣ್ಣು ತೊಳೀತಿದ್ದೆ. ‘ಇವನಿಗೆ ಮೂಗು ಹೋಗಿದೆ ಮಖೌತಾ, ನೀನು ಬಾಯಿ ಬಿಡ್ಬೇಡ. ಗೊತ್ತಾದ್ರೆ ನಾನು ನಾರ್ತೀನಿ ಅಂತಾನೂ ಗೊತ್ತಾಗುತ್ತೆ. ಒಬ್ಬನಾದ್ರೂ ಹತ್ರ ಕೂತ್ಕೊಳ್ಲಿ’ ಅಂದ್ಲು.”

“ನೀವಿಬ್ರೂ ಮೂವತ್ತು ವರ್ಷ ಬೈದಾಡಿದ್ರಲ್ಲ!”

“ಗೆಮೆರೆ ವಿಷಯಕ್ಕೆ ಬೈದಾಡಿದ್ವಿ. ಅದು ಬಿಟ್ಟು ಇನ್ನೇನಿತ್ತು ನಮಗೆ?”

ಅವಳಿಗೆ ಮೂಗಿತ್ತು. ಇಡೀ ಊರಲ್ಲೇ ತೀಕ್ಷ್ಣವಾದ ಮೂಗು. ಇಟ್ಟುಕೊಂಡೇ ತೊಳೆದಳು. ಅವಳನ್ನು ಯಾವ ಪಾದ್ರಿಯೂ ಹೊಗಳಲಿಲ್ಲ.

ಜೂನ್ ೯, ಮಂಗಳವಾರ

ಪಾಠ ನಡೆಯುತ್ತಿದೆ. ಹಂಡೆ ನನ್ನದು, ಒಲೆ ನನ್ನದು, ಮೂಗು ಅವಳದು. ಬೆಳಿಗ್ಗೆ ಬಂದು ಮುಚ್ಚಳದ ಬಟ್ಟೆ ಎತ್ತಿ ಒಮ್ಮೆ ಉಸಿರೆಳೆಯುತ್ತಾಳೆ, ಅಷ್ಟೇ, ತೀರ್ಪು ಬರುತ್ತದೆ.

ಮೊದಲ ಹಂಡೆ: “ಕೊಳೆತ ಮೊಟ್ಟೆ. ನಿಮ್ಮ ಯೀಸ್ಟು ಹಸ್ಕೊಂಡು ಸಾಯ್ತಿದೆ. ಬರೀ ಸಕ್ಕರೆ ಹಾಕಿದ್ರೆ ಹೊಟ್ಟೆ ತುಂಬಲ್ಲ, ದ್ರಾಕ್ಷಿ ಸುರೀರಿ. ಜಿಪುಣ.” ಎರಡನೆಯದು: “ಹುಡ್ಗೀರು ಉಗುರಿಗೆ ಹಚ್ಕೊಳ್ಳೋ ಬಣ್ಣ. ಒಲೆ ಪಕ್ಕ ಇಟ್ಟಿದ್ರಿ ತಾನೇ? ಬಿಸಿ ಜಾಸ್ತಿಯಾದ್ರೆ ಅದಕ್ಕೆ ಹುಚ್ಚು ಹಿಡಿಯುತ್ತೆ.” ಮೂರನೆಯದು ಗಷ್ಟಿನ ಮೇಲೆ ಬಹಳ ದಿನ ಕೂತು ಮಳೆಯಲ್ಲಿ ನೆನೆದ ನಾಯಿಯಾಗಿತ್ತಂತೆ. ನನಗೆ ಮೂರೂ ಒಂದೇ: ಸಿಹಿ, ಖಾರ, ನಾಲಗೆಯ ಮೇಲೆ ಚುರುಚುರು.

ಕಾಲೇಜಿನಲ್ಲಿ ಓದಿದ್ದು ನೆನಪಾಗಿ, “ಪೇಶೆನ್ಸ್ ಈಸ್ ದ ಮದರ್ ಆಫ್...” ಅಂದೆ. ತಾಳ್ಮೆ ಯಾವುದೋ ಒಂದರ ತಾಯಿ.

“ಯಾವುದರ ತಾಯಿ?”

“ಮರೆತುಹೋಯ್ತು.”

“ಹಾಗಾದ್ರೆ ಈಗಷ್ಟೇ ಮದ್ವೆಯಾಗಿ ಬಂದಿದ್ದಾಳೆ ಬಿಡಿ. ಇನ್ನೂ ಹೆರಿಗೆ ಆಗಿಲ್ಲ.”

ನಾನು ನಕ್ಕೆ. ನಕ್ಕಾಗ ಕೆಮ್ಮು ಬಂತು, ಅಭ್ಯಾಸ ತಪ್ಪಿದೆ.

ಉಣ್ಣೆಯ ಗೋದಾಮಿನಲ್ಲಿ ಮೂವತ್ತೊಂದು ವರ್ಷ ದರ್ಜೆ ವಿಂಗಡಿಸಿದವನು ನಾನು. ಅಲ್ಲೊಬ್ಬ ಮುದುಕನಿದ್ದ, ಕಣ್ಣು ಮುಚ್ಚಿ ಎಳೆಯನ್ನು ಬೆರಳಲ್ಲಿ ಉಜ್ಜಿ, ಈ ಕುರಿ ಕಳೆದ ಚಳಿಗಾಲ ಯಾವ ಬೆಟ್ಟದಲ್ಲಿ ಹಸಿದಿತ್ತು ಅಂತ ಹೇಳುತ್ತಿದ್ದ. ಅವನನ್ನು ಬಿಟ್ಟರೆ ಇಂಥ ಪರಿಣತಿಯನ್ನು ನಾನು ನೋಡುತ್ತಿರುವುದು ಈಗಲೇ. ಮಪಲೇಸಾ ಯಾವಾಗಲೂ ಅನ್ನುತ್ತಿದ್ದಳು, ಮಖೌತಾಳ ಗೆಮೆರೆಯಲ್ಲಿ ಸಿಹಿ ಇಲ್ಲ, ಅವಳ ನಾಲಗೆಯಲ್ಲೂ ಇಲ್ಲ ಅಂತ. ಅದನ್ನು ಇಲ್ಲಿ ಬರೆಯಬೇಕಾಗಿರಲಿಲ್ಲ.

ಜೂನ್ ೨೪, ಬುಧವಾರ

ನಮ್ಮ ಕಡೆಯ ನಡುಚಳಿಗಾಲ, ಮಲೋತಿ ಬೆಟ್ಟದ ಮೇಲೆ ಹಿಮ ಬಿದ್ದಿದೆ. ಅಂಗಳದ ತೊಟ್ಟಿಯ ನೀರು ಬೆಳಿಗ್ಗೆ ಗಾಜಾಗಿತ್ತು.

ಇವತ್ತು ತಿಳಿದ ಸಂಗತಿ: ಮಖೌತಾ ಗೆಮೆರೆ ಕುಡಿದು ಏಳು ವರ್ಷವಾಗಿದೆ. ಸಕ್ಕರೆ ಕಾಯಿಲೆ. ಒಂದು ಗುಟುಕೂ ಬಾಯಿಗೆ ಹಾಕಬಾರದೆಂದು ಚಿಕಿತ್ಸಾಲಯದ ಕಟ್ಟಪ್ಪಣೆ. ಏಳು ವರ್ಷ ಅವಳು ಲೋಟವನ್ನು ಬರೀ ಮೂಸಿ ಕೆಳಗಿಡುತ್ತಿದ್ದಳು, ನಾವು ಅದನ್ನು ಅಹಂಕಾರ ಅಂದುಕೊಂಡಿದ್ದೆವು.

“ಅದಕ್ಕೇ ನಿಮ್ಮ ನಾಲಗೆ ಬೇಕು ನನಗೆ,” ಅಂದಳು. “ಕೆಟ್ಟಿದೆಯೋ ಇಲ್ವೋ ನಾನು ಹೇಳ್ತೀನಿ. ಸಿಹಿ ಎಷ್ಟು ಉಳ್ದಿದೆ ಅಂತ ಮೂಗಿಗೆ ಗೊತ್ತಾಗಲ್ಲ. ಯೀಸ್ಟು ದಿನಾ ಸಕ್ಕರೆ ತಿಂತಾನೇ ಇರುತ್ತೆ. ಪೂರ್ತಿ ತಿನ್ನೋಕೆ ಬಿಟ್ರೆ ಒಣಗಿದ ದೊಡ್ಡಿ ಧೂಳು ನೆಕ್ಕಿದ ಹಾಗಿರುತ್ತೆ. ಇನ್ನೂ ಒಂಚೂರು ಇರುವಾಗ್ಲೇ ಹಂಡೇನ ಹೊರಗೆ ಹಿಮಕ್ಕಿಡ್ಬೇಕು. ಚಳಿಗೆ ಮಲ್ಕೊಂಡ್ಬಿಡುತ್ತೆ.”

ಒಂದು ಚಮಚ ನಾಲಗೆಗಿಟ್ಟುಕೊಂಡೆ.

“ಹೇಗಿದೆ?”

“ಸಿಹಿ.”

“ಅಯ್ಯೋ ನನ್ನಪ್ಪ! ನಾನೇನು ಮಗುವಾ? ಎಂಥಾ ಸಿಹಿ, ಹೇಳಿ!”

ಹೇಳಲು ಕೂತೆ. ತುಟಿಗೆ ತಾಗಿದಾಗ ಸಿಹಿ ಇಲ್ಲ, ಶುಂಠಿ ಮೊದಲು ಬಾಗಿಲು ಬಡಿಯುತ್ತದೆ. ಅದು ಇಳಿದ ಮೇಲೆ, ಗಂಟಲಿನಿಂದ ಹಿಂತಿರುಗಿ ಬರುವಾಗ ಸಿಹಿ ಬರುತ್ತದೆ, ತಡವಾಗಿ, ಮರಿಕುರಿಯ ಮೊದಲ ಉಣ್ಣೆಯ ಹಾಗೆ, ಹಿಡಿದರೆ ಇದೆಯೋ ಇಲ್ಲವೋ ಅನ್ನಿಸುತ್ತದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಬಾಯಿ ಒಂದಿಷ್ಟು ಅಲ್ಲಾಡುತ್ತಿತ್ತು. ನಾನು ಇನ್ನೂ ಒಂದು ಚಮಚ ತೆಗೆದುಕೊಂಡೆ, ಅಗತ್ಯವಿರಲಿಲ್ಲ, ಇನ್ನೂ ಸ್ವಲ್ಪ ಹೇಳೋಣ ಅನ್ನಿಸಿತು.

ಜುಲೈ ೪, ಶನಿವಾರ

ಕರಿಬಟ್ಟೆ ತೆಗೆದರು. ಪಲೇಸಾ ಗಂಡನ ಮನೆಯಿಂದ ಬಂದು ಅತ್ತು ಹೋದಳು. ತೋಳು ಹಗುರವಾಗಿದೆ.

ಜುಲೈ ೫, ಭಾನುವಾರ

ಹಾಜರಿ ಆದ ಮೇಲೆ ಫೋಫೋಲೋ ಎದ್ದ. “ಇನ್ನು ಮೇಲೆ ಯಾರೂ ಗೋಡೆ ಹಿಂದಕ್ಕೆ ಹೋಗ್ಬೇಕಾಗಿಲ್ಲ,” ಅಂದ. ಎಲ್ಲರೂ ನೆಲ ನೋಡಿದರು. “ಮುಂದಿನ ಮಣ್ಣಿಗೆ ಹಂಡೆ ತಳ ಕಂಡ್ರೆ ಮಪಲೇಸಾ ಹೆಸರು ಉಳಿಯುತ್ತೆ. ಲೋಟ ಚೆಲ್ಲಿದ್ರೆ ಗೀಟು. ಬೇಜಾರು ಮಾಡ್ಕೋಬೇಡಿ ನ್ತಾತೆ.”

ಬೇಜಾರಿಲ್ಲ. ಮನೆಗೆ ಬಂದು ಹಂಡೆಯನ್ನು ಎರಡು ಸಲ ತಿಕ್ಕಿ ತೊಳೆದೆ.

ಜುಲೈ ೨೭, ಸೋಮವಾರ

ಕಮ್ಮಾರ ಥಾಖಿಸಿ ತೀರಿಕೊಂಡಿದ್ದಾನೆ. ಶನಿವಾರ ಮಣ್ಣು. ಇವತ್ತು ಬೆಳಿಗ್ಗೆಯೇ ಹಂಡೆ ಹಾಕಿದೆವು. ಶುಂಠಿ ನಾನು ಜಜ್ಜಿದೆ, ದ್ರಾಕ್ಷಿಯನ್ನು ಅವಳು ಎರಡು ಹಿಡಿ ಜಾಸ್ತಿ ಹಾಕಿದಳು. ಕಂಬಳಿ ಸುತ್ತಿ, ಒಲೆಯಿಂದ ದೂರ, ಮಪಲೇಸಾ ಮಲಗುತ್ತಿದ್ದ ಕೋಣೆಯಲ್ಲೇ ಇಟ್ಟೆವು. ಅಲ್ಲಿ ಬಿಸಿ ಹದವಾಗಿದೆ.

ಜುಲೈ ೩೦, ಗುರುವಾರ

ಇವತ್ತು ಜಗಳ. ಸಂಜೆ ಒಂದು ಚಮಚ ರುಚಿ ನೋಡಿದೆ. ಸಿಹಿ ಸರಿಯಾಗಿ ನಿಂತಿತ್ತು, ಇಪ್ಪತ್ತೆಂಟು ವರ್ಷ ಮಪಲೇಸಾ ನಿಲ್ಲಿಸುತ್ತಿದ್ದ ಅದೇ ಗೆರೆಯ ಮೇಲೆ. “ಈಗ್ಲೇ ಹೊರಗಿಡೋಣ,” ಅಂದೆ.

ಮಖೌತಾ ಮೂಸಿದಳು. “ಆಗಲ್ಲ. ಮೊಟ್ಟೆ ಇದೆ.”

“ಎಷ್ಟಿದೆ?”

“ಇದೆ. ತಾನೇ ಹೋಗುತ್ತೆ, ಆದ್ರೆ ಇನ್ನೊಂದು ದಿನ ಹುದುಗ್ಬೇಕು. ಈಗ ಹಿಮಕ್ಕಿಟ್ರೆ ವಾಸ್ನೆ ಒಳಗೇ ಹೆಪ್ಪುಗಟ್ಟುತ್ತೆ.”

“ಇನ್ನೊಂದು ದಿನ ಬಿಟ್ರೆ ಸಿಹಿ ಪೂರ್ತಿ ಹೋಗುತ್ತೆ! ಇದು ಅವಳ ಸಿಹಿ ಮಖೌತಾ. ಇದೇ ಅವಳ ಗೆಮೆರೆ. ಜನ ಗುರುತು ಹಿಡೀಬೇಕು.”

“ಮೊಟ್ಟೆ ನಾರೋ ಗೆಮೆರೇಲಿ ಜನ ಯಾರನ್ನ ಗುರುತು ಹಿಡೀತಾರೆ ನ್ತಾತೆ?”

ಆ ಸಿಹಿ ನನ್ನ ಬಾಯಲ್ಲೇ ಇತ್ತು. ಜನವರಿಯಿಂದ ಅವಳದೆಂದು ನನ್ನ ಬಾಯಿಗೆ ಬಂದದ್ದು ಅದೊಂದೇ. ನನಗೆ ಕಾಣದ ನಾತದ ಸಲುವಾಗಿ ಅದನ್ನು ಬಿಟ್ಟುಕೊಡಬೇಕು, ಅದೂ ಬೇಲಿಯಾಚೆಯವಳ ಮಾತಿನ ಮೇಲೆ.

ಆದರೆ ಆ ಮೂಗು ಯಾವ ಕೋಣೆಗೂ ಹೆದರಿ ಓಡಿದ್ದಲ್ಲ. ಸುಳ್ಳು ಹೇಳಿದ್ದೂ ಅಲ್ಲ.

“ಕಂಬಳಿ ಹೊದಿಸಿ,” ಅಂದೆ.

ಆಗಸ್ಟ್ ೧, ಶನಿವಾರ

ನಿನ್ನೆ ಸಂಜೆ ಮೂಸಿ, ಸರಿ ಹೋಯ್ತು ಅಂದಳು. ಇಬ್ಬರೂ ಹಂಡೆಯನ್ನು ಅಂಗಳಕ್ಕೆ ಎಳೆದೆವು. ಬೆಳಿಗ್ಗೆ ಹಂಡೆಯ ಸುತ್ತ ಬಿಳಿ ಹಿಮ, ಒಳಗೆ ಗೆಮೆರೆ ತಿಳಿಯಾಗಿ ನಿಂತಿತ್ತು. ಸಿಹಿ ಹೋಗಿತ್ತು. ಪೂರ್ತಿ ಅಲ್ಲ, ಹಿಂದೆ ಎಲ್ಲೋ ದಾರಿ ತಪ್ಪಿದ ಕುರಿಯ ಗಂಟೆಯಷ್ಟು.

ಗಂಡಸರು ಬಂದರು. ಕರಿಬಟ್ಟೆ ಇಲ್ಲ, ಮುಲಾಜಿಲ್ಲ. ಥಾಖಿಸಿಯ ತಮ್ಮ, ಊರಿನ ದೊಡ್ಡ ಬಾಯಿ, ಒಂದು ಗುಟುಕು ಕುಡಿದು ನಿಂತ. ಎಲ್ಲರೂ ಅವನ ಮುಖ ನೋಡಿದರು. ನಾನು ಸೌಟು ನೋಡಿದೆ.

“ಇದು ಮಪಲೇಸಾದಲ್ಲ,” ಅಂದ.

“ಅಲ್ಲ,” ಅಂದೆ.

“ಅವಳ ಗೆಮೆರೆ ನಮ್ಮನ್ನ ಮಡಿಲಲ್ಲಿ ಕೂರಿಸ್ಕೊಳ್ತಿತ್ತು. ಇದು ಎದ್ದು ನಿಂತ್ಕೊಳ್ಳೋ ಅಂತ ಕಪಾಳಕ್ಕೆ ಬಾರಿಸುತ್ತೆ.” ಲೋಟ ಮುಂದೆ ಚಾಚಿದ. “ಹಾಕಿ ಇನ್ನೊಂದು.”

ಮಧ್ಯಾಹ್ನ ಸಭಾಂಗಣದ ಹಿಂದೆ ಹೋಗಿ ನೋಡಿದೆ. ನೆಲ ಒಣಗಿತ್ತು. ಒಂದು ಕೋಳಿ ಕೆದಕುತ್ತಿತ್ತು, ಅಷ್ಟೇ.

ಆಗಸ್ಟ್ ೨, ಭಾನುವಾರ

ಫೋಫೋಲೋ ಪಟ್ಟಿ ಬಿಚ್ಚಿ, “ಗಂಡಸರ ಹಂಡೆ, ಮಪಲೇಸಾ. ಹೆಸರು ಉಳೀತು,” ಅಂದ. ಹೆಂಗಸರು ನಾಲಗೆ ಹೊರಳಿಸಿ ಸಂತೋಷದ ಕೂಗು ಹಾಕಿದರು. ನಾನು ಎದ್ದೆ. ‘ಇದ್ದೇವೆ’ ಅನ್ನಬೇಕಿತ್ತು.

“ಈ ಗೆಮೆರೆ ನಮ್ಮ ಮನೇದಲ್ಲ,” ಅಂದೆ. “ನನಗೆ ಮೂಗಿಲ್ಲ. ಒಂದು ವರ್ಷದಿಂದ ಇಲ್ಲ. ನಿಮ್ಮ ಹೊಗಳಿಕೆ ನಾನು ಪುಕ್ಕಟೆಯಾಗಿ ಸಾಕಷ್ಟು ತಿಂದಿದ್ದೀನಿ. ಈ ಹಂಡೆ ಮಖೌತಾದು. ಆ ಹೆಸರು ಬರ್ಕೊಳ್ಳಿ.”

“ಒಂದು ಹಂಡೆಗೆ ಒಂದೇ ಹೆಸರು ನ್ತಾತೆ. ಬರೆದ್ರೆ ಇದಕ್ಕೆ ಗೀಟು ಎಳೀಬೇಕು,” ಫೋಫೋಲೋ ಮೆಲ್ಲಗೆ ಅಂದ.

“ಎಳೀರಿ.”

ಪೆನ್ನಿನ ಸದ್ದು ಕೇಳಿಸಿತು. ಮಖೌತಾ ಹೊರಗೆ ಬಂದ ಮೇಲೆ ನನಗೆ ಮಾಡಿದ ಮಂಗಳಾರತಿಯನ್ನು ಬರೆಯುವುದಿಲ್ಲ. “ನನ್ನನ್ನ ಕೇಳಿದ್ರಾ? ನಾಲಗೆ ಇಲ್ದೋಳು ಒಬ್ಬಳೇ ಹೆಂಗ್ರೀ ಮಾಡ್ಲಿ?” ಅಂದಿದ್ದು ಮಾತ್ರ ಬರೆದಿಡುತ್ತೇನೆ. ನಾನು ಎಲ್ಲಿಗೂ ಹೋಗುತ್ತಿಲ್ಲ ಅಂದೆ.

ಸೆಪ್ಟೆಂಬರ್ ೬, ಭಾನುವಾರ

ಪೀಚ್ ಮರಗಳು ಹೂ ಬಿಟ್ಟಿವೆ. ಬೇಸಿಗೆ ಬಂದರೆ ಹಿಮ ಎಲ್ಲಿಂದ ತರುವುದು? ಸಭೆಯುದ್ದಕ್ಕೂ ಮಖೌತಾ ಜೊತೆ ಅದೇ ಪಿಸುಮಾತು. ಹೊಳೆಯ ತಣ್ಣನೆಯ ನೀರಲ್ಲಿ ಬಾಟಲಿ ಇಳಿಬಿಡೋಣ ಅಂತ ನಾನು, ದನಗಳು ಒದ್ದು ಒಡೆಯುತ್ತವೆ ಅಂತ ಅವಳು. ಫೋಫೋಲೋ ಎರಡು ಸಲ ಗದರಿದ. ಪ್ರಯೋಗಕ್ಕೆ ಸಣ್ಣದೊಂದು ಹಂಡೆ ಹಾಕೋಣವೆಂದು ಮನೆಗೆ ಬಂದವನೇ ಶುಂಠಿ ತುರಿಯಲು ಕೂತೆ.

ಅರ್ಧ ತುರಿದ ಮೇಲೆ ಕೈ ನಿಂತಿತು. ಇವತ್ತು ಹಾಜರಿ ಕೂಗಿದ್ದರು. ಹೆಂಡತಿಯ ಹೆಸರು ಇಲ್ಲದೆ ಕೂಗಿದ್ದರು, ಮೊದಲನೇ ಸಲ. ನಾನು ಅಲ್ಲೇ ಕೂತಿದ್ದೆ. ಕೇಳಿಸಿಕೊಳ್ಳಲೇ ಇಲ್ಲ.

ಬಾಗಿಲು ಮುಚ್ಚಿ, ಫೋಫೋಲೋ ಕೂಗುವ ಹಾಗೆಯೇ ಒಮ್ಮೆ ಗಟ್ಟಿಯಾಗಿ ಕೂಗಿದೆ: “ಮಪಲೇಸಾ.” ಬೇಲಿಯಾಚೆಯಿಂದ, “ಏನ್ರೀ ಅದು, ಕೈ ಕುಯ್ಕೊಂಡ್ರಾ?” ಅಂತ ಮಖೌತಾಳ ದನಿ ಕೇಳಿತು.

“ಇಲ್ಲ,” ಅಂದೆ, “ದ್ರಾಕ್ಷಿ ತಗೊಂಡು ಬನ್ನಿ.”